ಹೈಸ್ಕೂಲಿನಲ್ಲಿರುವಾಗಲೇ ಕಾಲೇಜು ಕ್ರೆಡಿಟ್: ಅಮೆರಿಕದ ಕನ್ನಡ ಮನೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಜುಲೈ ಬಂತೆಂದರೆ ನನಗೆ ಒಂದೇ ಥರದ ಫೋನುಗಳು. "ಮಗ ಎಂಟು ಎಪಿ ಬರೆದಿದ್ದಾನೆ, ಎಲ್ಲದರಲ್ಲೂ ನಾಲ್ಕೋ ಐದೋ ಬಂದಿದೆ. ಕಾಲೇಜಿನವರು ಮೂರೇ ಕೋರ್ಸಿಗೆ ಕ್ರೆಡಿಟ್ ಕೊಟ್ಟಿದ್ದಾರೆ. ಈಗೇನು ಮಾಡೋದು?" ಎಪಿ ಅಂದರೆ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ, ಕ್ರೆಡಿಟ್ ಅಂದರೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಕೋರ್ಸಿನ ಅಳತೆ. ಅಷ್ಟು ಹೊತ್ತಿಗೆ ಮಾಡುವುದಕ್ಕೆ ಜಾಸ್ತಿ ಏನೂ ಉಳಿದಿರುವುದಿಲ್ಲ. ಆ ಕೆಲಸ ಒಂಬತ್ತನೇ, ಹತ್ತನೇ ಗ್ರೇಡಿನಲ್ಲಿ ಆಗಬೇಕಿತ್ತು.

ಎಲ್ಲರೂ ಎಡವುವುದು ಒಂದೇ ಕಡೆ. ನಮ್ಮ ಸ್ಕೂಲಿನಲ್ಲಿ ಏನು ಸಿಗುತ್ತೆ, ಪಕ್ಕದ ಮನೆ ಹುಡುಗಿ ಎಷ್ಟು ಎಪಿ ತೆಗೆದುಕೊಂಡಳು ಎಂದು ಈ ತುದಿಯಿಂದ ಲೆಕ್ಕ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಆ ತುದಿಯಿಂದ. ಈ ಕ್ರೆಡಿಟ್ ಮುಂದೆ ಯಾವ ಕಾಲೇಜಿನಲ್ಲಿ, ಯಾವ ಡಿಗ್ರಿಯ, ಯಾವ ಕೋರ್ಸಿನ ಜಾಗಕ್ಕೆ ಹೋಗಿ ಕೂರುತ್ತದೆ? ಕ್ರೆಡಿಟ್ ಒಪ್ಪುವುದೋ ಬಿಡುವುದೋ ಮುಂದೆ ಸೇರುವ ಕಾಲೇಜಿಗೆ ಬಿಟ್ಟದ್ದು. ಹೈಸ್ಕೂಲಿನವರು ಎಷ್ಟು ಭರವಸೆ ಕೊಟ್ಟರೂ ಅದು ಭರವಸೆ ಅಷ್ಟೇ.

ಊರಲ್ಲಿ ಓದಿದ ನಮಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ಪಿಯುಸಿ ಮಾರ್ಕ್ಸ್ ಕಾರ್ಡ್ ಹಿಡಿದು ಯಾವ ಕಾಲೇಜಿನ ಬಾಗಿಲಿಗೆ ಹೋದರೂ ಅದರ ಬೆಲೆ ಒಂದೇ ಇತ್ತು. ಇಲ್ಲಿ ಹಾಗಲ್ಲ. ಎಲ್ಲಿ ನಡೆಯುತ್ತೆ ಅಂತ ಕೇಳದೆ ಕ್ರೆಡಿಟ್ ಕೂಡಿಟ್ಟರೆ ಬಿಎಂಟಿಸಿ ಪಾಸು ಹಿಡಿದು ಕೆಎಸ್‌ಆರ್‌ಟಿಸಿ ಬಸ್ಸು ಹತ್ತಿದ ಹಾಗಾಗುತ್ತದೆ.

## ಮೊದಲು ಕೈಯಲ್ಲಿ ಇರಬೇಕಾದ್ದು

ಮಗುವಿನ ಹೆಸರಲ್ಲಿ ಒಂದು ಸ್ವಂತ ಇಮೇಲ್ ಇರಲಿ. ಸ್ಕೂಲು ಕೊಟ್ಟ ಇಮೇಲ್ ಬೇಡ. ಗ್ರಾಜುಯೇಷನ್ ಆದ ಮೇಲೆ ಸ್ಕೂಲಿನವರು ಅದನ್ನು ಮುಚ್ಚುತ್ತಾರೆ. ಎಪಿ ಅಂಕ ಬರುವುದು ಸರಿಯಾಗಿ ಆಗಲೇ.

ಹೆಸರು ಎಲ್ಲಾ ಕಡೆ ಒಂದೇ ಥರ ಇರಲಿ. ನಮ್ಮವರ ಮನೆಗಳಲ್ಲಿ ಇದು ದೊಡ್ಡ ತಲೆನೋವು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿರುತ್ತದೆ, ಸ್ಕೂಲಿನಲ್ಲಿ ಊರಿನ ಹೆಸರು, ಎಪಿ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯ ಖಾತೆಯಲ್ಲಿ ಬರೀ ಇನಿಷಿಯಲ್. ಹೀಗಾದರೆ ಒಬ್ಬನೇ ಹುಡುಗ ಎರಡು ದಾಖಲೆಗಳಾಗಿ ಒಡೆದು ಹೋಗುತ್ತಾನೆ. ಅರ್ಧ ಅಂಕ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ.

ಎಚ್-4 ವೀಸಾದ (ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ ವೀಸಾ) ಮಕ್ಕಳಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರುವುದಿಲ್ಲ. ಅರ್ಜಿಯಲ್ಲಿ "ಇಲ್ಲ" ಎಂದು ಗುರುತು ಹಾಕಿ ಮುಂದೆ ಹೋಗಿ. ಕಾಲೇಜು ತನ್ನದೇ ವಿದ್ಯಾರ್ಥಿ ನಂಬರ್ ಕೊಡುತ್ತದೆ. ಖಾಲಿ ಬಿಡಲು ಹೆದರಿ ಅಪ್ಪನ ನಂಬರ್ ತುಂಬಿಸಿದವರನ್ನು ನೋಡಿದ್ದೇನೆ. ಅದನ್ನು ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಓಡಾಡಬೇಕಾಯಿತು.

ಇನ್ನೊಂದು ಫೋಲ್ಡರ್ ಮಾಡಿಕೊಳ್ಳಿ. ತೆಗೆದುಕೊಂಡ ಪ್ರತಿ ಕಾಲೇಜು ಕೋರ್ಸಿನ ಸಿಲಬಸ್ ಅದರೊಳಗೆ ಹೋಗಲಿ. ಕೊನೆಯ ಹಂತದಲ್ಲಿ ಇದು ಯಾಕೆ ಬೇಕು ಅಂತ ಗೊತ್ತಾಗುತ್ತದೆ.

## ಹಂತ 1: ದಾರಿಗಳನ್ನು ಬೇರೆ ಬೇರೆಯಾಗಿ ಗುರುತಿಸಿ

ಎಪಿ ಅಂದರೆ ಹೈಸ್ಕೂಲಿನಲ್ಲೇ ಪಾಠ, ಮೇ ತಿಂಗಳಲ್ಲಿ ಒಂದು ಪರೀಕ್ಷೆ. ಅಂಕ 1ರಿಂದ 5. ಕ್ರೆಡಿಟ್ ಬರುವುದು ಆ ಪರೀಕ್ಷೆಯ ಅಂಕಕ್ಕೆ, ಕ್ಲಾಸಿನ ಗ್ರೇಡಿಗಲ್ಲ. ಕ್ಲಾಸಿನಲ್ಲಿ ಎ ಬಂದು ಪರೀಕ್ಷೆಯಲ್ಲಿ 2 ಬಂದರೆ ಕ್ರೆಡಿಟ್ ಸೊನ್ನೆ.

ಡ್ಯುಯಲ್ ಎನ್‌ರೋಲ್‌ಮೆಂಟ್ ಅಂದರೆ ನಿಜವಾದ ಕಾಲೇಜು ಕೋರ್ಸು. ಹೆಚ್ಚಾಗಿ ಹತ್ತಿರದ ಕಮ್ಯುನಿಟಿ ಕಾಲೇಜಿನದು, ಅಂದರೆ ಎರಡು ವರ್ಷದ ಡಿಗ್ರಿ ಕೊಡುವ ಸ್ಥಳೀಯ ಕಾಲೇಜಿನದು. ಪಾಸಾದರೆ ಗ್ರೇಡು, ಕ್ರೆಡಿಟ್ ಎರಡೂ ಕಾಲೇಜಿನ ಅಂಕಪಟ್ಟಿಯಾದ ಟ್ರಾನ್ಸ್‌ಕ್ರಿಪ್ಟಿನಲ್ಲಿ ಕೂರುತ್ತವೆ. ಕೆಟ್ಟ ಗ್ರೇಡು ಬಂದರೆ ಅದೂ ಅಲ್ಲೇ ಕೂರುತ್ತದೆ, ಅಳಿಸಲು ಬರುವುದಿಲ್ಲ.

ಇದರ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಹೆಸರೂ ಬದಲಾಗುತ್ತದೆ. ವಾಷಿಂಗ್ಟನ್‌ನಲ್ಲಿ ರನ್ನಿಂಗ್ ಸ್ಟಾರ್ಟ್, 11 ಮತ್ತು 12ನೇ ಗ್ರೇಡಿನವರಿಗೆ ಟ್ಯೂಷನ್ ಇಲ್ಲ, ಪುಸ್ತಕ ಮತ್ತು ಓಡಾಟದ ಖರ್ಚು ನಿಮ್ಮದು. ಓಹಾಯೋದಲ್ಲಿ ಕಾಲೇಜ್ ಕ್ರೆಡಿಟ್ ಪ್ಲಸ್, 7ನೇ ಗ್ರೇಡಿನಿಂದಲೇ ಬಾಗಿಲು ತೆರೆದಿದೆ. ಮಿನೆಸೋಟದಲ್ಲಿ ಪಿಎಸ್‌ಇಒ, 1985ರಿಂದ ನಡೆಯುತ್ತಿದೆ. ಫ್ಲೋರಿಡಾದ ಪಬ್ಲಿಕ್ ಸ್ಕೂಲಿನವರಿಗೆ ಟ್ಯೂಷನ್ನೂ ಇಲ್ಲ, ಪುಸ್ತಕದ ಖರ್ಚೂ ಇಲ್ಲ. ಅಂದಮೇಲೆ ಡಲ್ಲಾಸಿನ ಗೆಳತಿಯ ಸಲಹೆ ಸಿಯಾಟಲ್‌ನಲ್ಲಿ ನಡೆಯುತ್ತೆ ಅಂತ ನಂಬಬೇಡಿ.

ಕ್ಲೆಪ್ ಎಂಬ ಪರೀಕ್ಷೆ ಕೂಡ ಕಾಲೇಜ್ ಬೋರ್ಡಿನದೇ. 34 ವಿಷಯಗಳಿವೆ. ಕ್ಲಾಸಿಗೆ ಹೋಗಬೇಕಿಲ್ಲ, ಓದಿಕೊಂಡು ಹೋಗಿ ಬರೆದರಾಯಿತು. ಅಂಕ 20ರಿಂದ 80, ಸಾಮಾನ್ಯವಾಗಿ 50 ಬಂದರೆ ಪಾಸು.

ಸ್ಕೂಲಿನಲ್ಲಿ ಐಬಿ (ಇಂಟರ್ನ್ಯಾಷನಲ್ ಬ್ಯಾಕಲೊರಿಯಟ್ ಎಂಬ ಪಠ್ಯಕ್ರಮ) ಇದ್ದರೆ ಒಂದು ಮಾತು ನೆನಪಿರಲಿ. ಅನೇಕ ಕಾಲೇಜುಗಳು ಕ್ರೆಡಿಟ್ ಕೊಡುವುದು ಹೈಯರ್ ಲೆವೆಲ್ ವಿಷಯಗಳಿಗೆ ಮಾತ್ರ. ಸ್ಟ್ಯಾಂಡರ್ಡ್ ಲೆವೆಲ್‌ಗೆ ಏನೂ ಸಿಗದಿರಬಹುದು.

ದುಡ್ಡು ಸುರಿಯುವ ಇನ್ನೊಂದು ಕಡೆ ಇದೆ. ದೊಡ್ಡ ಹೆಸರಿನ ಯೂನಿವರ್ಸಿಟಿಗಳ ಬೇಸಿಗೆ ಕಾರ್ಯಕ್ರಮಗಳು. ಸಾವಿರಾರು ಡಾಲರ್ ತೆಗೆದುಕೊಂಡು ಕೊನೆಗೆ ಸರ್ಟಿಫಿಕೇಟ್ ಮಾತ್ರ ಕೊಡುವಂಥವು ಬಹಳ ಇವೆ. "ಇದಕ್ಕೆ ಟ್ರಾನ್ಸ್‌ಕ್ರಿಪ್ಟ್ ಬರುತ್ತಾ, ಎಷ್ಟು ಕ್ರೆಡಿಟ್?" ಅಂತ ಇಮೇಲಿನಲ್ಲಿ ಕೇಳಿ. ಉತ್ತರ ಸುತ್ತಿಬಳಸಿ ಬಂದರೆ ಸುಮ್ನೆ ಬಿಟ್ಟುಬಿಡಿ.

## ಹಂತ 2: ಆ ತುದಿಯಿಂದ ಕೋಷ್ಟಕ ಮಾಡಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ದಯವಿಟ್ಟು ಇದಕ್ಕೆ ಒಂದು ಶನಿವಾರ ಪೂರ್ತಿ ಕೊಡಿ.

ಮಗು ಸೇರಬಹುದಾದ ಐದಾರು ಕಾಲೇಜುಗಳ ಹೆಸರು ಬರೆಯಿರಿ. ಹತ್ತನೇ ಗ್ರೇಡಿನಲ್ಲಿ ಖಚಿತ ಇರುವುದಿಲ್ಲ, ಪರವಾಗಿಲ್ಲ. ನಿಮ್ಮ ರಾಜ್ಯದ ಎರಡು ಪಬ್ಲಿಕ್ ಯೂನಿವರ್ಸಿಟಿ, ಹೊರ ರಾಜ್ಯದ ಎರಡು, ಕನಸಿನ ಒಂದೆರಡು ಸಾಕು. ಪಕ್ಕದಲ್ಲಿ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಬರೆಯಿರಿ. ಅದೂ ಖಚಿತ ಇಲ್ಲದಿದ್ದರೆ ಎಂಜಿನಿಯರಿಂಗೋ, ಬಯಾಲಜಿಯೋ, ಬಿಸಿನೆಸ್ಸೋ ಎಂಬಷ್ಟು ಬರೆದರೂ ನಡೆಯುತ್ತದೆ.

ಈಗ ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲಿ ಎರಡು ಪುಟ ಹುಡುಕಿ. ಒಂದು, ಎಪಿ ಕ್ರೆಡಿಟ್ ನೀತಿ. ಇನ್ನೊಂದು, ಆ ಮೇಜರಿನ ನಾಲ್ಕು ವರ್ಷದ ಕೋರ್ಸುಪಟ್ಟಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎಪಿ ಕ್ರೆಡಿಟ್ ಹುಡುಕುವ ಪುಟ ಕಾಲೇಜ್ ಬೋರ್ಡಿನಲ್ಲೂ ಇದೆ. ಅದು ಮೊದಲ ನೋಟಕ್ಕೆ ಮಾತ್ರ, ಕೊನೆಯ ಮಾತು ಕಾಲೇಜಿನ ಪುಟದ್ದೇ.

ಇಲ್ಲಿ ಕಣ್ಣು ತೆರೆದು ನೋಡಬೇಕಾದ ಒಂದು ಪದವಿದೆ: ಎಲೆಕ್ಟಿವ್. ಡಿಗ್ರಿಗೆ ಸಾಮಾನ್ಯವಾಗಿ 120 ಸೆಮಿಸ್ಟರ್ ಕ್ರೆಡಿಟ್ ಬೇಕು. ಅದರಲ್ಲಿ ಮೇಜರಿನ ಕೋರ್ಸುಗಳು, ಎಲ್ಲರಿಗೂ ಬೇಕಾದ ಜನರಲ್ ಎಜುಕೇಷನ್, ಉಳಿದದ್ದು ಎಲೆಕ್ಟಿವ್, ಅಂದರೆ ಇಷ್ಟಬಂದ ಕೋರ್ಸು. ನಿಮ್ಮ ಮಗಳ 30 ಕ್ರೆಡಿಟ್ಟನ್ನು ಕಾಲೇಜು ಒಪ್ಪಿದೆ ಅಂತಿಟ್ಟುಕೊಳ್ಳಿ. ಅದರಲ್ಲಿ 21 ಎಲೆಕ್ಟಿವ್ ಆಗಿ ಬಂದರೆ, ಎಂಜಿನಿಯರಿಂಗಿನಂಥ ಡಿಗ್ರಿಯಲ್ಲಿ ಅಷ್ಟು ಎಲೆಕ್ಟಿವ್ ಜಾಗವೇ ಇರುವುದಿಲ್ಲ. ಕಾಗದದ ಮೇಲೆ ಸೋಫೋಮೋರ್ (ಎರಡನೇ ವರ್ಷದವಳು), ಓದುವುದು ಮಾತ್ರ ಪೂರ್ತಿ ನಾಲ್ಕು ವರ್ಷ. ಜುಲೈನಲ್ಲಿ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಇದೇ ಕಥೆ.

ಕಾಲೇಜುಗಳ ನಡುವಿನ ಅಂತರವೂ ದೊಡ್ಡದು. ಕ್ಯಾಲ್‌ಟೆಕ್ ಎಪಿಗೆ ಕ್ರೆಡಿಟ್ ಕೊಡುವುದಿಲ್ಲ. ಡಾರ್ಟ್‌ಮತ್ 2014ರಲ್ಲಿ ಸೇರಿದವರಿಂದ ನಿಲ್ಲಿಸಿತು. ಕ್ಯಾಲಿಫೋರ್ನಿಯಾದ ಯುಸಿಗಳು (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್ಸುಗಳು) 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಯೂನಿಟ್ (ಕ್ರೆಡಿಟ್ಟಿಗೆ ಅಲ್ಲಿನ ಹೆಸರು) ಕೊಡುತ್ತವೆ, ಆದರೆ ಅದು ಯಾವ ಕೋರ್ಸಿನ ಬದಲಿಗೆ ಅನ್ನುವುದು ಕ್ಯಾಂಪಸ್ಸಿಗೊಂದು, ಮೇಜರಿಗೊಂದು. ಇಲಿನಾಯ್, ಓಹಾಯೋದಂಥ ರಾಜ್ಯಗಳಲ್ಲಿ 3 ಬಂದರೆ ಪಬ್ಲಿಕ್ ಕಾಲೇಜುಗಳು ಕ್ರೆಡಿಟ್ ಕೊಡಲೇಬೇಕೆಂಬ ನಿಯಮವಿದೆ.

ಡ್ಯುಯಲ್ ಎನ್‌ರೋಲ್‌ಮೆಂಟ್ ಕೋರ್ಸುಗಳಿಗೆ ಬೇರೆ ಸಾಧನಗಳಿವೆ. ಕ್ಯಾಲಿಫೋರ್ನಿಯಾದವರು ಅಸಿಸ್ಟ್ ಜಾಲತಾಣದಲ್ಲಿ ಕಮ್ಯುನಿಟಿ ಕಾಲೇಜಿನ ಕೋರ್ಸು ಯುಸಿಯಲ್ಲಿ ಯಾವುದಕ್ಕೆ ಸಮ ಅಂತ ನೋಡಬಹುದು. ಟೆಕ್ಸಸ್, ಫ್ಲೋರಿಡಾಗಳಲ್ಲಿ ರಾಜ್ಯಕ್ಕೆಲ್ಲ ಸಮಾನ ಕೋರ್ಸ್ ನಂಬರುಗಳಿವೆ. ಓಹಾಯೋದಲ್ಲಿ ಓಹಾಯೋ ಟ್ರಾನ್ಸ್‌ಫರ್ 36 ಎಂಬ ಪಟ್ಟಿ ಇದೆ. ಆ ಪಟ್ಟಿಯೊಳಗಿನ ಕೋರ್ಸು ತೆಗೆದುಕೊಂಡರೆ ರಾಜ್ಯದ ಪಬ್ಲಿಕ್ ಕಾಲೇಜಿನಲ್ಲಿ ನಡೆಯುತ್ತದೆ. ರಾಜ್ಯ ದಾಟಿದರೆ ಆ ರಕ್ಷಣೆ ಇಲ್ಲ.

ಎಚ್ಚರಿಕೆಯ ಗುರುತು: ಕೋಷ್ಟಕದಲ್ಲಿ ಯಾವುದೋ ಕೋರ್ಸಿನ ಎದುರು ಐದು ಕಾಲೇಜಿನಲ್ಲೂ "ಎಲೆಕ್ಟಿವ್" ಅಥವಾ "ಇಲ್ಲ" ಬಂದಿದ್ದರೆ, ಕ್ರೆಡಿಟ್ಟಿಗಾಗಿ ಅದನ್ನು ತೆಗೆದುಕೊಳ್ಳಬೇಡಿ. ಇಷ್ಟಕ್ಕೆ ಓದುವುದಾದರೆ ಬೇರೆ ಮಾತು.

## ಹಂತ 3: ದಾರಿ ಆರಿಸಿ

ರಾಜ್ಯದ ಪಬ್ಲಿಕ್ ಯೂನಿವರ್ಸಿಟಿಯೇ ಗುರಿಯಾದರೆ ನನ್ನ ಓಟು ಡ್ಯುಯಲ್ ಎನ್‌ರೋಲ್‌ಮೆಂಟಿಗೆ. ಇಡೀ ವರ್ಷದ ಓದು ಮೇ ತಿಂಗಳ ಒಂದು ಬೆಳಿಗ್ಗೆಯ ಮೇಲೆ ನಿಲ್ಲುವುದಿಲ್ಲ. ಹೊರ ರಾಜ್ಯ, ಪ್ರೈವೇಟ್ ಕಾಲೇಜುಗಳ ಕಡೆ ಕಣ್ಣಿದ್ದರೆ ಎಪಿ ಜಾಸ್ತಿ ಕಡೆ ನಡೆಯುತ್ತದೆ. ಎರಡೂ ಗೊತ್ತಿಲ್ಲದಿದ್ದರೆ ಕ್ಯಾಲ್ಕುಲಸ್, ಫಿಸಿಕ್ಸ್, ಕೆಮಿಸ್ಟ್ರಿಯನ್ನು ಎಪಿಯಲ್ಲೂ, ಇಂಗ್ಲಿಷ್ ಕಾಂಪೊಸಿಷನ್, ಇತಿಹಾಸ, ಗವರ್ನ್‌ಮೆಂಟ್‌ನಂಥವನ್ನು ಕಾಲೇಜು ಕೋರ್ಸಾಗಿಯೂ ತೆಗೆದುಕೊಳ್ಳಿ. ಟೆಕ್ಸಸ್‌ನಲ್ಲಂತೂ ಪಬ್ಲಿಕ್ ಕಾಲೇಜಿನ 42 ಕ್ರೆಡಿಟ್‌ಗಳ ಕೋರ್‌ನಲ್ಲಿ 6 ಅಮೆರಿಕದ ಇತಿಹಾಸಕ್ಕೆ, 6 ಗವರ್ನ್‌ಮೆಂಟಿಗೆ. ಯಾವ ಮೇಜರಾದರೂ ಅವು ಬೇಕೇ ಬೇಕು.

ಒಂದೇ ವಿಷಯಕ್ಕೆ ಎರಡು ಸಲ ಕ್ರೆಡಿಟ್ ಬರುವುದಿಲ್ಲ. ಎಪಿ ಕ್ಯಾಲ್ಕುಲಸ್ ಎಬಿ ಬರೆದು, ಕಮ್ಯುನಿಟಿ ಕಾಲೇಜಿನಲ್ಲಿ ಕ್ಯಾಲ್ಕುಲಸ್ 1 ಕೂಡ ಮಾಡಿದರೆ ಒಂದು ವ್ಯರ್ಥ.

ಮೆಡಿಕಲ್ ಕಡೆ ಹೋಗುವ ಮಕ್ಕಳ ಮನೆಯವರು ಇಲ್ಲಿ ಸ್ವಲ್ಪ ನಿಲ್ಲಿ. ಬಯಾಲಜಿ, ಕೆಮಿಸ್ಟ್ರಿಗೆ ಎಪಿ ಕ್ರೆಡಿಟ್ಟನ್ನು ಒಪ್ಪದ ಮೆಡಿಕಲ್ ಸ್ಕೂಲುಗಳು ಬಹಳ. ಒಪ್ಪಿದರೂ ಅದೇ ವಿಷಯದ ಮೇಲಿನ ಕೋರ್ಸು ಕೇಳುತ್ತವೆ. ಜೊತೆಗೆ ಮೆಡಿಕಲ್ ಅರ್ಜಿಯಲ್ಲಿ ಹೈಸ್ಕೂಲಿನಲ್ಲಿದ್ದಾಗ ತೆಗೆದುಕೊಂಡ ಕಾಲೇಜು ಕೋರ್ಸುಗಳ ಗ್ರೇಡನ್ನೂ ತೋರಿಸಬೇಕು. ಹದಿನಾರನೇ ವಯಸ್ಸಿನ ಸಿ ಗ್ರೇಡು ಇಪ್ಪತ್ತೆರಡನೇ ವಯಸ್ಸಿನಲ್ಲಿ ಎದುರಿಗೆ ಬಂದು ನಿಲ್ಲುತ್ತದೆ.

### ಕನ್ನಡಕ್ಕೆ ಸಿಗುತ್ತಾ?

ಕನ್ನಡ ಶಾಲೆಯ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ. ಎಪಿಯಲ್ಲಿ ಕನ್ನಡ ಇಲ್ಲ, ಕ್ಲೆಪ್‌ನಲ್ಲೂ ಇಲ್ಲ. ಭಾಷಾ ಸಾಮರ್ಥ್ಯ ಪರೀಕ್ಷೆಗಳ ಮೂಲಕ ಕೆಲವು ಸ್ಕೂಲ್ ಡಿಸ್ಟ್ರಿಕ್ಟುಗಳು ಮನೆಮಾತಿಗೆ ಹೈಸ್ಕೂಲ್ ಕ್ರೆಡಿಟ್ ಕೊಡುತ್ತವೆ, ಅನೇಕ ರಾಜ್ಯಗಳಲ್ಲಿ ಡಿಪ್ಲೊಮಾ ಮೇಲೆ ದ್ವಿಭಾಷಾ ಮುದ್ರೆಯೂ ಸಿಗುತ್ತದೆ. ಆದರೆ ಹೈಸ್ಕೂಲ್ ಕ್ರೆಡಿಟ್ ಬೇರೆ, ಕಾಲೇಜು ಕ್ರೆಡಿಟ್ ಬೇರೆ. ಮಿನೆಸೋಟದಂಥ ಕೆಲವು ರಾಜ್ಯಗಳಲ್ಲಿ ಈ ಮುದ್ರೆಯನ್ನು ಅಲ್ಲಿನ ರಾಜ್ಯ ಕಾಲೇಜುಗಳಲ್ಲಿ ಕ್ರೆಡಿಟ್ ಆಗಿ ಬದಲಿಸಿಕೊಳ್ಳುವ ದಾರಿ ಇದೆ, ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. ಬೇರೆ ಕಡೆಯವರು ಸ್ಕೂಲಿನ ಕೌನ್ಸೆಲರನ್ನೂ, ಸೇರುವ ಕಾಲೇಜಿನ ಭಾಷಾ ವಿಭಾಗವನ್ನೂ ವಿಚಾರಿಸಿ. ಡಿಗ್ರಿಗೆ ಬೇಕಾದ ಭಾಷೆಯ ಕೋರ್ಸಿನಿಂದ ವಿನಾಯಿತಿಯಾದರೂ ಸಿಗಬಹುದು.

## ಹಂತ 4: ಡ್ಯುಯಲ್ ಎನ್‌ರೋಲ್‌ಮೆಂಟಿಗೆ ಸೇರುವುದು

ಇಲ್ಲಿ ಕೆಲಸದ ಕ್ರಮ ತಪ್ಪಿದರೆ ಒಂದು ಸೆಮಿಸ್ಟರೇ ಹೋಗುತ್ತದೆ. ಆಗಸ್ಟಿನ ಕ್ಲಾಸಿಗೆ ಫೆಬ್ರವರಿಯಲ್ಲಿ ಏಳಬೇಕು.

ಮೊದಲು ಹೈಸ್ಕೂಲ್ ಕೌನ್ಸೆಲರ್. ಅವರ ಸಹಿ ಇಲ್ಲದೆ ಮುಂದೆ ಹೋಗಲಾಗದು. ಕೆಲವು ರಾಜ್ಯಗಳಲ್ಲಿ ಸೇರುವ ಇಚ್ಛೆಯನ್ನು ಮೊದಲೇ ಬರೆದು ಕೊಡಬೇಕು. ಓಹಾಯೋದವರಿಗೆ ಮುಂದಿನ ವರ್ಷಕ್ಕೆ ಏಪ್ರಿಲ್ 1 ಬಹಳ ಮುಖ್ಯವಾದ ದಿನ. ಕೌನ್ಸೆಲರ್ ಬಳಿ ಇನ್ನೊಂದು ಪ್ರಶ್ನೆ ಕೇಳಿ: ಈ ಕೋರ್ಸು ಹೈಸ್ಕೂಲಿನಲ್ಲಿ ಎಷ್ಟು ಕ್ರೆಡಿಟ್, ಗ್ರಾಜುಯೇಷನ್ನಿಗೆ ಬೇಕಾದ ಯಾವ ವಿಷಯಕ್ಕೆ ಲೆಕ್ಕ? ವಾಷಿಂಗ್ಟನ್‌ನಲ್ಲಿ 5 ಕ್ವಾರ್ಟರ್ ಕ್ರೆಡಿಟ್ಟಿನ ಕಾಲೇಜು ಕೋರ್ಸು ಹೈಸ್ಕೂಲಿನ 1 ಕ್ರೆಡಿಟ್ಟಿಗೆ ಸಮ. ಯುಸಿ ಲೆಕ್ಕದಲ್ಲಿ ಒಂದು ಸೆಮಿಸ್ಟರಿನ ಕಾಲೇಜು ಕೋರ್ಸು ಹೈಸ್ಕೂಲಿನ ಇಡೀ ವರ್ಷಕ್ಕೆ ಸಮ. ಇದನ್ನು ಬರಹದಲ್ಲಿ ಪಡೆಯಿರಿ.

ಆಮೇಲೆ ಕಮ್ಯುನಿಟಿ ಕಾಲೇಜಿನ ಆನ್‌ಲೈನ್ ಅರ್ಜಿ. ಸಾಮಾನ್ಯ ಅರ್ಜಿಯನ್ನು ತುಂಬಿ "ಹೈಸ್ಕೂಲ್ ವಿದ್ಯಾರ್ಥಿ" ಎಂಬ ಆಯ್ಕೆಯನ್ನು ಬಿಟ್ಟರೆ ಪೂರ್ತಿ ಟ್ಯೂಷನ್ ಬಿಲ್ಲು ಬರುತ್ತದೆ. ಇದು ಆಗುತ್ತಲೇ ಇರುತ್ತದೆ.

ಮೂರನೆಯದು ಅರ್ಹತೆ. ಫ್ಲೋರಿಡಾದಲ್ಲಿ ತೂಕ ಸೇರಿಸದ ಜಿಪಿಎ (ಗ್ರೇಡುಗಳ ಸರಾಸರಿ) 3.0 ಬೇಕು, ಪ್ಲೇಸ್‌ಮೆಂಟ್ ಪರೀಕ್ಷೆಯ ಅಂಕವೂ ಬೇಕು. ಟೆಕ್ಸಸ್‌ನಲ್ಲಿ ಟಿಎಸ್‌ಐಎ2 ಎಂಬ ಪರೀಕ್ಷೆ, ಎಸ್‌ಎಟಿ ಅಥವಾ ಎಸಿಟಿಯಲ್ಲಿ ಸಾಕಷ್ಟು ಅಂಕ ಇದ್ದರೆ ವಿನಾಯಿತಿ. ಮಕ್ಕಳು ಇದನ್ನು ಹಗುರವಾಗಿ ತೆಗೆದುಕೊಂಡು ನೇರ ಹೋಗಿ ಬರೆದು, ಗಣಿತದಲ್ಲಿ ಸಿಕ್ಕಿಬೀಳುತ್ತಾರೆ. ಒಂದು ವಾರವಾದರೂ ಅಭ್ಯಾಸ ಮಾಡಿ ಹೋಗಲಿ.

ಕೊನೆಗೆ ಕ್ಲಾಸಿಗೆ ನೋಂದಣಿ. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಮಕ್ಕಳ ಸರದಿ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಒಳ್ಳೆಯ ಹೊತ್ತಿನ ಕ್ಲಾಸುಗಳು ತುಂಬಿರುತ್ತವೆ. ಒಂದಕ್ಕೆ ಮೂರು ಆಯ್ಕೆ ಬರೆದಿಟ್ಟುಕೊಳ್ಳಿ, ಕಾಯುವ ಪಟ್ಟಿಯಲ್ಲಿ ಹೆಸರು ಹಾಕಿಸಿ, ಮೊದಲ ದಿನದ ಕ್ಲಾಸಿಗೆ ಹೋಗಿ ಕುಳಿತುಬಿಡಿ. ಅಲ್ಲಿ 11 ಯೂನಿಟ್ ತನಕ ಕಾಲೇಜುಗಳು ಹೈಸ್ಕೂಲ್ ಮಕ್ಕಳಿಗೆ ಯೂನಿಟ್ ಶುಲ್ಕ ಮನ್ನಾ ಮಾಡುತ್ತವೆ. ಸಹಿಯ ಫಾರಂ ಪ್ರತಿ ಟರ್ಮಿಗೂ ಹೊಸದಾಗಿ ಕೇಳಬಹುದು, ಒಂದು ಸಲ ಕೊಟ್ಟೆವಲ್ಲ ಅಂತ ಕೂರಬೇಡಿ.

ಮೊದಲ ಟರ್ಮಿನಲ್ಲಿ ಒಂದೇ ಕೋರ್ಸು. ಎರಡು ಬೇಡ. 3 ಕ್ರೆಡಿಟ್ಟಿನ ಕೋರ್ಸೆಂದರೆ ವಾರಕ್ಕೆ ಮೂರು ಗಂಟೆ ಕ್ಲಾಸು, ಮನೆಯಲ್ಲಿ ಇನ್ನಾರು ಗಂಟೆ. ಎಂಟು ವಾರದ ಆನ್‌ಲೈನ್ ಕೋರ್ಸಾದರೆ ಅದರ ಎರಡರಷ್ಟು.

ನಮ್ಮ ಮನೆಯಲ್ಲೇ ಇದಾಯಿತು. ಮಗಳು ಹನ್ನೊಂದನೇ ಗ್ರೇಡಿನಲ್ಲಿ ಎಂಟು ವಾರದ ಆನ್‌ಲೈನ್ ಸೈಕಾಲಜಿ ತೆಗೆದುಕೊಂಡಳು. ಸುಲಭ ಅಂತ ನಾನೇ ಹೇಳಿದ್ದು. ಮೂರನೇ ವಾರ ಭರತನಾಟ್ಯದ ಕಾರ್ಯಕ್ರಮ, ನಾಲ್ಕನೇ ವಾರ ಮಿಡ್‌ಟರ್ಮ್. ಸಿ ಬಂತು. ಅವಳ ಟ್ರಾನ್ಸ್‌ಕ್ರಿಪ್ಟಿನಲ್ಲಿ ಅದು ಈಗಲೂ ಇದೆ.

## ಹಂತ 5: ಎಪಿ ಪರೀಕ್ಷೆಗೆ ಹೆಸರು ಹಾಕುವುದು

ಪರೀಕ್ಷೆ ಮೇ ತಿಂಗಳಲ್ಲಾದರೂ ನೋಂದಣಿ ನವೆಂಬರ್ ಮಧ್ಯಕ್ಕೇ ಮುಗಿಯುತ್ತದೆ. ಸ್ಕೂಲಿನ ಒಳಗಿನ ಗಡುವು ಇನ್ನೂ ಮುಂಚೆ ಇರುತ್ತದೆ. 2025ರ ಲೆಕ್ಕದಲ್ಲಿ ಅಮೆರಿಕದೊಳಗೆ ಒಂದು ಪರೀಕ್ಷೆಗೆ 99 ಡಾಲರ್, ತಡವಾದರೆ ಮೇಲೆ 40 ಡಾಲರ್. ಕ್ಲಾಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಹೋಗಿದೆ ಎಂದಲ್ಲ. ಟೀಚರ್ ಕೊಟ್ಟ ಜಾಯಿನ್ ಕೋಡ್ ಹಾಕಿ, ಮೈ ಎಪಿ ಖಾತೆಯಲ್ಲಿ ಪರೀಕ್ಷೆಯ ಎದುರು ಹೌದು ಎಂದಿದೆಯೇ ನೋಡಿ, ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ.

ನಿಮ್ಮ ಸ್ಕೂಲಿನಲ್ಲಿ ಆ ವಿಷಯ ಇಲ್ಲವೇ? ಸ್ವಂತ ಓದಿ ಬರೆಯಬಹುದು. ಆದರೆ ಬರೆಯಲು ಒಪ್ಪುವ ಸ್ಕೂಲನ್ನು ನೀವೇ ಹುಡುಕಬೇಕು. ಸೆಪ್ಟೆಂಬರಿನಲ್ಲೇ ಸುತ್ತಲಿನ ಸ್ಕೂಲುಗಳ ಎಪಿ ಕೋಆರ್ಡಿನೇಟರುಗಳಿಗೆ ಫೋನ್ ಮಾಡಿ. ಅಕ್ಟೋಬರ್ ದಾಟಿದರೆ "ಜಾಗ ಇಲ್ಲ" ಎಂಬ ಮಾತೇ ಜಾಸ್ತಿ ಕೇಳಿಸುತ್ತದೆ.

ಈಗ ಹೆಚ್ಚಿನ ಎಪಿ ಪರೀಕ್ಷೆಗಳು ಬ್ಲೂಬುಕ್ ಎಂಬ ಆ್ಯಪಿನಲ್ಲಿ ನಡೆಯುತ್ತವೆ. ಹಿಂದಿನ ದಿನವೇ ಲ್ಯಾಪ್‌ಟಾಪಿನಲ್ಲಿ ಅದನ್ನು ಸಿದ್ಧ ಮಾಡಿಟ್ಟುಕೊಳ್ಳಿ. ಚಾರ್ಜರ್ ಮರೆಯಬೇಡಿ.

## ಹಂತ 6: ಕ್ಲೆಪ್ ಬರೆಯುವುದಾದರೆ

ಇದು ಚಿಕ್ಕ ದಾರಿ. ಮೊದಲು ಕಾಲೇಜು ಕ್ಲೆಪ್ ಒಪ್ಪುತ್ತದೆಯೇ ನೋಡಿ. ಸೀಟು ಸಿಗುವುದೇ ಕಷ್ಟವಾದ ಕಾಲೇಜುಗಳು ಬಹುತೇಕ ಒಪ್ಪುವುದಿಲ್ಲ. ಒಪ್ಪಿದರೆ ಮಾಡರ್ನ್ ಸ್ಟೇಟ್ಸ್ ಎಂಬ ಸಂಸ್ಥೆಯ ಪುಕ್ಕಟೆ ಆನ್‌ಲೈನ್ ಪಾಠ ಮುಗಿಸಿ, ಅವರಿಂದ ಪರೀಕ್ಷಾ ಶುಲ್ಕದ ವೋಚರ್ ಕೇಳಿ. ಪರೀಕ್ಷಾ ಕೇಂದ್ರ ತನ್ನದೇ ಶುಲ್ಕವನ್ನು ಬೇರೆ ಕೇಳಬಹುದು. ಫೇಲಾದರೆ ಅದೇ ವಿಷಯವನ್ನು ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕು. ಹನ್ನೆರಡನೇ ಗ್ರೇಡಿನ ಜೂನಿನಲ್ಲಿ ಮೊದಲ ಸಲ ಬರೆಯಲು ಹೋಗಬೇಡಿ ಅನ್ನುವುದು ಅದಕ್ಕೇ.

## ಹಂತ 7: ಕೋರ್ಸು ನಡೆಯುವಾಗ ಗಮನಿಸಬೇಕಾದ ಗುರುತುಗಳು

ಮೊದಲಿಗೆ ಒಂದು ಕಹಿ ಸತ್ಯ. ಮಗುವಿಗೆ ಹದಿನಾರೇ ಆಗಿರಲಿ, ಕಾಲೇಜಿನ ದಾಖಲೆಯ ಮೇಲಿನ ಹಕ್ಕು ಮಗುವಿನದ್ದು. ಫರ್ಪಾ ಎಂಬ ಕಾನೂನು ಹಾಗೆ ಹೇಳುತ್ತದೆ. ನೀವು ಪ್ರೊಫೆಸರಿಗೆ ಫೋನ್ ಮಾಡಿದರೆ ಅವರು ಮಾತಾಡದೇ ಇರಬಹುದು. ಪೇರೆಂಟ್ ಟೀಚರ್ ಮೀಟಿಂಗ್ ಎಂಬುದೂ ಇಲ್ಲ. ಹಾಗಾಗಿ ಭಾನುವಾರ ಸಂಜೆ ಹತ್ತು ನಿಮಿಷ ಮಗುವಿನ ಜೊತೆ ಕೂತು ಕ್ಯಾನ್‌ವಾಸಿನಲ್ಲೋ, ಆ ಕಾಲೇಜು ಬಳಸುವ ಬೇರೆ ಪೋರ್ಟಲ್ಲಿನಲ್ಲೋ ಗ್ರೇಡು ನೋಡಿ. ಬೈಯುವುದಕ್ಕಲ್ಲ, ದಿನಾಂಕ ತಪ್ಪದಿರಲಿ ಅಂತ.

ಕಾಲೇಜಿನ ಇಮೇಲ್ ಎರಡು ವಾರದಿಂದ ತೆರೆದಿಲ್ಲ ಅಂದರೆ ಅದೇ ಮೊದಲ ಗುರುತು. ಎರಡನೆಯದು, "ಎಕ್ಸ್‌ಟ್ರಾ ಕ್ರೆಡಿಟ್ ಕೊಡ್ತಾರೆ ಬಿಡಮ್ಮ" ಅನ್ನುವ ಮಾತು. ಹೈಸ್ಕೂಲಿನ ರೂಢಿ ಅದು. ಕಾಲೇಜಿನಲ್ಲಿ ಮತ್ತೆ ಬರೆಸುವುದು, ಎಕ್ಸ್‌ಟ್ರಾ ಕ್ರೆಡಿಟ್ ಕೊಡುವುದು ಸಿಲಬಸ್ಸಿನಲ್ಲಿ ಬರೆದಿದ್ದರೆ ಮಾತ್ರ. ಮೊದಲ ಪರೀಕ್ಷೆಯಲ್ಲೇ ಸಿಗಿಂತ ಕೆಳಗೆ ಬಂತೆಂದರೆ ಅದೇ ವಾರ ಪ್ರೊಫೆಸರ್ ಆಫೀಸ್ ಅವರ್ಸಿಗೆ ಮಗು ಹೋಗಲಿ, ನೀವಲ್ಲ.

ಎರಡು ದಿನಾಂಕ ಫ್ರಿಜ್ಜಿನ ಮೇಲೆ ಅಂಟಿಸಿ. ಡ್ರಾಪ್ ಗಡುವಿನೊಳಗೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಗುರುತೇ ಉಳಿಯುವುದಿಲ್ಲ. ಇದು ಟರ್ಮಿನ ಮೊದಲ ಕೆಲವು ವಾರಗಳಲ್ಲೇ ಮುಗಿಯುತ್ತದೆ. ವಿತ್‌ಡ್ರಾ ಗಡುವಿನೊಳಗೆ ಬಿಟ್ಟರೆ ಡಬ್ಲ್ಯೂ ಎಂದು ಬೀಳುತ್ತದೆ. ಅದೂ ದಾಟಿದರೆ ಬಂದ ಗ್ರೇಡೇ ಗತಿ. ಎಫ್‌ಗಿಂತ ಒಂದು ಡಬ್ಲ್ಯೂ ಎಷ್ಟೋ ಮೇಲು. ಆದರೆ ಡಬ್ಲ್ಯೂಗಳು ಸಾಲಾಗಿ ಬಂದರೆ ಅದಕ್ಕೂ ಬೆಲೆ ತೆರಬೇಕು. ಓಹಾಯೋದಲ್ಲಿ ಒಂದೇ ಟರ್ಮಿನಲ್ಲಿ ಎರಡು ಕೋರ್ಸು ಬಿಟ್ಟರೆ, ಇಲ್ಲವೇ ಜಿಪಿಎ 2.0ಗಿಂತ ಕೆಳಗಿಳಿದರೆ ಪ್ರೊಬೇಷನ್. ಮುಂದೆ ಕಾಲೇಜಿನಲ್ಲಿ ಫೆಡರಲ್ ಸಹಾಯಧನ ಬೇಕಾದಾಗ ಈ ಹಳೆಯ ಕೋರ್ಸುಗಳ ದಾಖಲೆಯನ್ನೂ ನೋಡಬಹುದು.

ಕ್ಲಾಸಿಗೆ ಹೋಗುವುದು ನಿಲ್ಲಿಸಿದರೆ ಹೆಸರು ತಾನಾಗಿ ತೆಗೆಯುತ್ತಾರೆ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ತೆಗೆಯದೆ ಇದ್ದರೆ ಬೀಳುವುದು ಎಫ್.

## ಹಂತ 8: ದಾಖಲೆ ಕಳಿಸುವುದು

ಎಲ್ಲಾ ಸರಿಯಾಗಿ ಮಾಡಿ ಇಲ್ಲಿ ಕಳೆದುಕೊಂಡವರನ್ನು ನೋಡಿದಾಗ ಜಾಸ್ತಿ ಬೇಜಾರಾಗುತ್ತದೆ.

ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟಿನಲ್ಲಿ ಕಾಲೇಜು ಕೋರ್ಸಿನ ಹೆಸರು ಕಾಣಿಸುತ್ತದೆ ನಿಜ. ಅದನ್ನು ನೋಡಿ ಹೊಸ ಕಾಲೇಜು ಕ್ರೆಡಿಟ್ ಕೊಡುವುದಿಲ್ಲ. ಕಮ್ಯುನಿಟಿ ಕಾಲೇಜಿನಿಂದ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ನೇರವಾಗಿ ಹೋಗಬೇಕು. ಎರಡು ಕಾಲೇಜುಗಳಲ್ಲಿ ಕೋರ್ಸು ಮಾಡಿದ್ದರೆ ಎರಡರಿಂದಲೂ.

ಕ್ರಮ ಹೀಗಿರಲಿ. ಕೊನೆಯ ಟರ್ಮಿನ ಗ್ರೇಡು ಪೋರ್ಟಲ್ಲಿನಲ್ಲಿ ಬರಲಿ. ಆಮೇಲೆ ಖಾತೆಯಲ್ಲಿ ಹೋಲ್ಡ್ ಇದೆಯೇ ನೋಡಿ. ಲೈಬ್ರರಿ ಪುಸ್ತಕ ಹಿಂತಿರುಗಿಸಿಲ್ಲ, ಪಾರ್ಕಿಂಗ್ ದಂಡ ಕಟ್ಟಿಲ್ಲ ಎಂಬ ಸಣ್ಣ ಕಾರಣಕ್ಕೆ ಟ್ರಾನ್ಸ್‌ಕ್ರಿಪ್ಟ್ ನಿಂತಿರುತ್ತದೆ. ಅದನ್ನು ತೀರಿಸಿ, ಆಮೇಲೆ ಆರ್ಡರ್ ಮಾಡಿ. ಗ್ರೇಡು ಬರುವ ಮೊದಲೇ ಆತುರಪಟ್ಟು ಆರ್ಡರ್ ಮಾಡಿದರೆ ಕೊನೆಯ ಕೋರ್ಸುಗಳು ಅದರಲ್ಲಿ ಇರುವುದಿಲ್ಲ. ದುಡ್ಡೂ ಹೋಯಿತು, ಮತ್ತೆ ಆರ್ಡರ್.

ಎಪಿ ಅಂಕಕ್ಕೆ ಬೇರೆ ಲೆಕ್ಕ. ಅರ್ಜಿ ಹಾಕುವಾಗ ಹೆಚ್ಚಿನ ಕಾಲೇಜುಗಳಿಗೆ ನೀವೇ ಅಂಕ ಬರೆದರೆ ಸಾಕು. ಸೇರುವ ಕಾಲೇಜಿಗೆ ಮಾತ್ರ ಅಧಿಕೃತ ವರದಿ ಬೇಕು. ಪರೀಕ್ಷೆ ಬರೆದ ವರ್ಷಕ್ಕೊಂದು ಪುಕ್ಕಟೆ ವರದಿ ಇದೆ, ಅದರ ಗಡುವು ಜೂನ್ 20. ಹನ್ನೆರಡನೇ ಗ್ರೇಡಿನಲ್ಲಿ ಮೇ ಹೊತ್ತಿಗೆ ಕಾಲೇಜು ಗೊತ್ತಾಗಿರುತ್ತದೆ, ಆ ವರ್ಷದ ಪುಕ್ಕಟೆ ವರದಿಯನ್ನು ಅದಕ್ಕೇ ಕಳಿಸಿ. ಹಿಂದಿನ ವರ್ಷಗಳ ಅಂಕಗಳೂ ಅದರಲ್ಲೇ ಹೋಗುತ್ತವೆ.

ಇನ್ನೊಂದು ಬಲೆ. ಹೈಸ್ಕೂಲ್ ಮುಗಿಸುವ ಮೊದಲು ಎಷ್ಟು ಕಾಲೇಜು ಕ್ರೆಡಿಟ್ ಇದ್ದರೂ ಮಗು ಸಾಮಾನ್ಯವಾಗಿ ಫ್ರೆಷ್‌ಮನ್ (ಮೊದಲ ವರ್ಷದ ವಿದ್ಯಾರ್ಥಿ) ಆಗಿಯೇ ಅರ್ಜಿ ಹಾಕುತ್ತದೆ, ಫ್ರೆಷ್‌ಮನ್ ಸ್ಕಾಲರ್‌ಶಿಪ್ಪಿಗೂ ಅರ್ಹ. ಗ್ರಾಜುಯೇಷನ್ ಆದ ಮೇಲೆ ಒಂದು ವರ್ಷ ನಿಂತು ಕಮ್ಯುನಿಟಿ ಕಾಲೇಜಿನಲ್ಲಿ ಕೋರ್ಸು ತೆಗೆದುಕೊಂಡರೆ ಅನೇಕ ಕಡೆ ಟ್ರಾನ್ಸ್‌ಫರ್ ಲೆಕ್ಕಕ್ಕೆ ಬೀಳುತ್ತದೆ, ಆ ಸ್ಕಾಲರ್‌ಶಿಪ್ ಕೈಬಿಡುತ್ತದೆ. ಹಾಗೆ ಮಾಡುವ ಮುಂಚೆ ಸೇರಬೇಕಾದ ಕಾಲೇಜನ್ನು ಕೇಳಿ.

## ಹಂತ 9: ಕಾಲೇಜು ಸೇರಿದ ಮೇಲೆ

ಓರಿಯಂಟೇಷನ್ ದಿನ ಮಗು ಡಿಗ್ರಿ ಆಡಿಟ್ ಎಂಬ ವರದಿಯನ್ನು ತೆಗೆಯಲಿ. ನೀವು ಹಂತ 2ರಲ್ಲಿ ಮಾಡಿದ ಕೋಷ್ಟಕವನ್ನು ಅದರ ಪಕ್ಕ ಇಡಿ. ಕಾಣೆಯಾದ ಕೋರ್ಸು ಯಾವುದು, ಎಲೆಕ್ಟಿವ್ ಆಗಿ ತಪ್ಪಾಗಿ ಬಿದ್ದದ್ದು ಯಾವುದು ಅಂತ ಒಂದೊಂದಾಗಿ ಗುರುತಿಸಿ. ತರಗತಿಗಳಿಗೆ ಹೆಸರು ಹಾಕುವ ಮೊದಲೇ ಇದಾಗಬೇಕು. ಇಲ್ಲದಿದ್ದರೆ ಈಗಾಗಲೇ ಮುಗಿಸಿದ ಕೋರ್ಸನ್ನೇ ಮತ್ತೆ ತೆಗೆದುಕೊಂಡುಬಿಡುತ್ತಾರೆ, ಆಗ ಹಳೆಯ ಕ್ರೆಡಿಟ್ ರದ್ದು.

ಕಮ್ಯುನಿಟಿ ಕಾಲೇಜಿನ ಕೋರ್ಸನ್ನು ಎಲೆಕ್ಟಿವ್ ಅಂತ ಹಾಕಿದ್ದರೆ ಮರುಪರಿಶೀಲನೆ ಕೇಳಬಹುದು. ಆ ಫೋಲ್ಡರ್ ಈಗ ತೆಗೆಯಿರಿ. ವಾರವಾರದ ಪಾಠ, ಪಠ್ಯಪುಸ್ತಕದ ಹೆಸರು, ಪರೀಕ್ಷೆಯ ಕ್ರಮ ಇರುವ ಸಿಲಬಸ್ಸನ್ನು ಆ ವಿಭಾಗಕ್ಕೆ ಕಳಿಸಿದರೆ ಎಷ್ಟೋ ಸಲ ಬದಲಾಗುತ್ತದೆ. ಸಿಲಬಸ್ ಇಲ್ಲದೆ ಬರೀ ಬೇಡಿಕೊಂಡರೆ ಕೆಲಸ ಆಗುವುದಿಲ್ಲ.

ಸಿಕ್ಕಿದ ಕ್ರೆಡಿಟ್ಟನ್ನೆಲ್ಲ ಬಳಸಲೇಬೇಕು ಅಂತೇನಿಲ್ಲ. ಎಪಿ ಕ್ಯಾಲ್ಕುಲಸ್ ಬಿಸಿ ಪರೀಕ್ಷೆಯಲ್ಲಿ 4 ಬಂದು ಎರಡು ಕೋರ್ಸು ದಾಟಿ ನೇರ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್‌ಗೆ ಕೂತು ಒದ್ದಾಡಿದ ಮಕ್ಕಳಿದ್ದಾರೆ. ಕ್ರೆಡಿಟ್ ಒಪ್ಪಿಕೊಳ್ಳುವ ಮೊದಲು ಆ ಕಾಲೇಜಿನ ಕ್ಯಾಲ್ಕುಲಸ್ 2ರ ಹಳೆಯ ಫೈನಲ್ ಪರೀಕ್ಷೆಯನ್ನು ಎಲ್ಲಾದರೂ ಹುಡುಕಿ, ಮನೆಯಲ್ಲಿ ಗಡಿಯಾರ ಇಟ್ಟು ಮಾಡಿಸಿ. ಮುಕ್ಕಾಲು ಭಾಗ ಬಂದರೆ ಮುಂದೆ ಹೋಗಲಿ. ಬರದಿದ್ದರೆ ಅಡ್ವೈಸರ್ ಹತ್ತಿರ ಮಾತಾಡಿ ಕ್ಯಾಲ್ಕುಲಸ್ 2ರಿಂದಲೇ ಶುರು ಮಾಡಲಿ, ಇಂಗ್ಲಿಷ್ ಮತ್ತು ಇತಿಹಾಸದ ಕ್ರೆಡಿಟ್ಟನ್ನು ಹಾಗೇ ಇಟ್ಟುಕೊಳ್ಳಲಿ.